ಬೆಟ್ಟದ ಲೆಕ್ಕ

ನಮ್ಮ ಶಿರಸಿ ಸೀಮೆಯಲ್ಲಿ ಒಂದು ಎಕರೆ ಅಡಿಕೆ ತೋಟಕ್ಕೆ 9 ಎಕರೆಯವರೆಗೆ ಸೊಪ್ಪಿನ ಬೆಟ್ಟ ಉಂಟು, ಬ್ರಿಟಿಷರ ಕಾಲದಿಂದ. ನೆಲ ಸರಕಾರದ್ದು, ಸೊಪ್ಪು, ತರಗೆಲೆ ತರುವ ಹಕ್ಕಷ್ಟೇ ನಮ್ಮದು. ಅದು ಕೊಟ್ಟಿಗೆಯಲ್ಲಿ ಗೊಬ್ಬರವಾಗಿ ತೋಟ ಸೇರುತ್ತದೆ. ಮಳೆನೀರು ಇಂಗುವುದೂ ಆ ಮರಗಳ ಬುಡದಲ್ಲೇ.

ಈಗ ಚಿಕ್ಕಪ್ಪನಿಗೆ ಅಲ್ಲಿ ಮರ ಕಡಿದು ಪ್ರವಾಸಿಗರಿಗೆ ನಾಲ್ಕು ಕೋಣೆ ಕಟ್ಟುವ ಆಸೆ. "ಮುಂಬಯಿಯಲ್ಲಿ ಕಾಮರ್ಸ್ ಓದ್ತೀಯಲ್ಲ, ಲಾಭ ಎಷ್ಟು ಹೇಳು" ಅಂತಾರೆ. ಗೆಳೆಯರೇ, ಕಾನೂನು ಹಾಗಿರಲಿ, ನಾವು ಕಲಿತ ಲೆಕ್ಕದಲ್ಲೂ ಬೆಟ್ಟ ಬಂಡವಾಳ, ಸೊಪ್ಪು ಬಡ್ಡಿ. ಬಂಡವಾಳವನ್ನೇ ಕಡಿದು ಲಾಭವೆಂದು ಬರೆಯುವುದು ಹೇಗೆ?

ಆದರೆ ಅಡಿಕೆ ದರ ಬಿದ್ದ ವರ್ಷ ಸಾಲ ತೀರಿಸಬೇಕಾದವರು ಅವರು, ನಾನಲ್ಲ. ಬರೀ ಬೇಡವೆಂದರೆ ಸಾಲದು. ಅದಕ್ಕೇ ಹೇಳಿದೆ: "ಮನೆಯ ಖಾಲಿ ಮಹಡಿ ರಿಪೇರಿ ಮಾಡಿಸಿ, ಚಿಕ್ಕಪ್ಪ. ಬಂದವರು ಅಲ್ಲಿ ಮಲಗಲಿ. ಬೆಟ್ಟಕ್ಕೆ ನಡೆದು ಹೋಗಿ ಬರಲಿ."