ಕುಮಾರಧಾರೆಯ ಬಿಳಿತಲೆ

ಹೊಳೆಗೆ ಗಾಳ ಹಾಕಿ ಕೂತರೆ ಮೀನಿಗಿಂತ ಮೊದಲು ಕಾಣುವುದು ಗರುಡ. ತಲೆ, ಎದೆ ಬಿಳಿ, ರೆಕ್ಕೆ ಇಟ್ಟಿಗೆಗೆಂಪು. ಕಡಬದ ಹುಡುಗರು ಫೋಟೊ ಕಳಿಸಿ, "ಅಣ್ಣಾ, ಬಾಲ್ಡ್ ಈಗಲ್ ಬಂದಿದೆ, ಸುದ್ದಿ ಮಾಡಿ" ಎನ್ನುತ್ತಾರೆ. ಅದು ಉತ್ತರ ಅಮೆರಿಕದ ಹಕ್ಕಿ ಮಾರಾಯ್ರೆ, ಅದರ ಎದೆ ಕಡುಕಂದು. ಇದು ನಮ್ಮದೇ.

ಸುದ್ದಿ ಬೇರೆ ಇದೆ. ಸುಬ್ರಹ್ಮಣ್ಯದ ಸ್ನಾನಘಟ್ಟದಲ್ಲಿ ದೇವರ ಮೀನುಗಳನ್ನು ಯಾರೂ ಹಿಡಿಯುವುದಿಲ್ಲ. ಅದೇ ನೀರು ಉಪ್ಪಿನಂಗಡಿಯಲ್ಲಿ ನೇತ್ರಾವತಿ ಸೇರುವ ಮೊದಲು, ರಾತ್ರಿ ಯಾವುದೋ ಗುಂಡಿಯಲ್ಲಿ ತೋಟೆ ಸಿಡಿಯುತ್ತದೆ. ತೇಲಿದ ನಾಲ್ಕು ದೊಡ್ಡ ಮೀನು ಚೀಲಕ್ಕೆ; ಮರಿಗಳೆಲ್ಲ ತಳದಲ್ಲಿ ಕೊಳೆಯುತ್ತವೆ. ಗರುಡನಾದರೂ ಕಪ್ಪೆ, ಏಡಿ ಹುಡುಕಿಕೊಂಡೀತು. ನೀರುನಾಯಿಗೆ ಮೀನೇ ಊಟ. ನಾನು ಕೂರುವ ಬಂಡೆಯ ಮೇಲೆ ಮೀನಿನ ಮುಳ್ಳು ತುಂಬಿದ ಅದರ ಹಿಕ್ಕೆ ಬೀಳುತ್ತಿತ್ತು, ನಾತ ಬೇರೆ. ಈ ಬೇಸಿಗೆ ಬಂಡೆ ಸ್ವಚ್ಛವಾಗಿದೆ.