ಗ್ರಹಣ ಬಿಟ್ಟ ಮೇಲೆ ಯರಗುಪ್ಪಿ

ಡಿಸೆಂಬರ್ ಕೊನೆಯ ವಾರ ಪತ್ರಿಕೆಗಳು ಹೊರತರುವ ‘ವರ್ಷದ ಹಿನ್ನೋಟ’ಗಳನ್ನು ಕಂಡರೆ ನನಗೆ ಮೊದಲಿನಿಂದಲೂ ಅಷ್ಟಕ್ಕಷ್ಟೇ. 2019ರದ್ದನ್ನು ಓದಿದಾಗ ಮಾತ್ರ ಸಿಟ್ಟು ಬಸ್ಸು ಹತ್ತಿಸುವಷ್ಟು ಬಂತು. ಪುಟದ ಮೇಲರ್ಧವೆಲ್ಲ ದೆಹಲಿ: ಫೆಬ್ರುವರಿ 14ರ ಪುಲ್ವಾಮಾ, ಅದಾದ ಹನ್ನೆರಡು ದಿನಕ್ಕೆ ಬಾಲಾಕೋಟ್, ಮೇ 23ರ ಲೋಕಸಭೆ ಫಲಿತಾಂಶ, ಆಗಸ್ಟ್ 5ರ 370ನೇ ವಿಧಿ, ನವೆಂಬರ್ 9ರ ಅಯೋಧ್ಯೆ ತೀರ್ಪು, ಆಗ ಹೊತ್ತಿ ಉರಿಯುತ್ತಿದ್ದ ಪೌರತ್ವ ಕಾಯ್ದೆ. ಅದರ ಕೆಳಗೆ ಬೆಂಗಳೂರು: ಮುಂಬೈ ಹೋಟೆಲಿನಲ್ಲಿ ಕೂತ ಶಾಸಕರು, ವಿಶ್ವಾಸಮತ, ಯಡಿಯೂರಪ್ಪನವರ ಪ್ರಮಾಣವಚನ. ತೀರಾ ಮೂಲೆಯಲ್ಲಿ, ಕುಂದಗೋಳ ಉಪಚುನಾವಣೆ ಕಾಂಗ್ರೆಸ್ಸಿಗೆ, ಚಿಂಚೋಳಿ ಬಿಜೆಪಿಗೆ ಎಂಬ ಒಂದು ಸಾಲು. ಕುಂದಗೋಳಕ್ಕೆ ಉಪಚುನಾವಣೆ ಯಾಕೆ ಬಂತು, ಯಾರು ತೀರಿಕೊಂಡರು ಎಂಬುದಕ್ಕೆ ಜಾಗ ಸಾಲಲಿಲ್ಲವೇನೋ.

ತೀರಿಕೊಂಡವರು ಸಿ.ಎಸ್. ಶಿವಳ್ಳಿ. ಕುಂದಗೋಳ ತಾಲ್ಲೂಕಿನ ಯರಗುಪ್ಪಿಯವರು. 1999ರಲ್ಲಿ ಪಕ್ಷೇತರರಾಗಿ ಗೆದ್ದು, 2013ರಲ್ಲಿ ಕಾಂಗ್ರೆಸ್ಸಿನಿಂದ ಗೆದ್ದು, 2018ರಲ್ಲಿ ಬರೀ 634 ಮತದ ಅಂತರದಲ್ಲಿ ದಡ ಸೇರಿದವರು. 2018ರ ಡಿಸೆಂಬರ್ 22ರಂದು ಕುಮಾರಸ್ವಾಮಿ ಸಂಪುಟದಲ್ಲಿ ಮಂತ್ರಿಯಾದರು, ಪೌರಾಡಳಿತ ಖಾತೆ ಸಿಕ್ಕಿತು. ಸರಿಯಾಗಿ ಮೂರು ತಿಂಗಳಿಗೆ, ಮಾರ್ಚ್ 22ಕ್ಕೆ, ಹುಬ್ಬಳ್ಳಿಯಲ್ಲಿ ಹೃದಯಾಘಾತ. ಅದಕ್ಕೆ ಮೂರು ದಿನ ಮೊದಲು ಧಾರವಾಡದ ಕುಮಾರೇಶ್ವರ ನಗರದಲ್ಲಿ ಕಟ್ಟುತ್ತಿದ್ದ ಬಹುಮಹಡಿ ಕಟ್ಟಡ ಕುಸಿದು 19 ಜನ ಸತ್ತಿದ್ದರು. ರಕ್ಷಣೆ ಕೆಲಸದ ಜಾಗದಲ್ಲಿ ಶಿವಳ್ಳಿ ಓಡಾಡುತ್ತಿದ್ದುದನ್ನು ಟಿವಿಯಲ್ಲಿ ಕಂಡವರಿಗೆ ಆ ಸುದ್ದಿ ನಂಬುವುದಕ್ಕೇ ಆಗಲಿಲ್ಲ. ಅದೇ ಧಾರವಾಡದಲ್ಲಿ ಜನವರಿಯಲ್ಲಿ ಕಂಬಾರರ ಅಧ್ಯಕ್ಷತೆಯಲ್ಲಿ ಸಾಹಿತ್ಯ ಸಮ್ಮೇಳನ ನಡೆದಿತ್ತು. ಧಾರವಾಡ ಸೀಮೆಗೆ ವರ್ಷ ಶುರುವಾದದ್ದು ಹಬ್ಬದಂತೆ.

ನಾನು ಯರಗುಪ್ಪಿಗೆ ಹೊರಟ ದಿನ ಡಿಸೆಂಬರ್ 26. ಕಂಕಣ ಸೂರ್ಯಗ್ರಹಣ. ಹುಬ್ಬಳ್ಳಿ ಹಳೇ ಬಸ್‌ಸ್ಟ್ಯಾಂಡಿನಲ್ಲಿ ಬೆಳಿಗ್ಗೆ ಒಂದು ಚಹದಂಗಡಿಯೂ ತೆರೆದಿರಲಿಲ್ಲ. ಬೇರೆ ದಿನ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯಬೇಕಾದ ಕುಂದಗೋಳ ಬಸ್ಸಿನಲ್ಲಿ ನಾನು, ಕಂಡಕ್ಟರು, ಬ್ಯಾಂಕಿನ ಕೆಲಸಕ್ಕೆ ಹೊರಟ ಇಬ್ಬರು ಹುಡುಗಿಯರು ಅಷ್ಟೇ. ಹೊರಗೆ ಬಿಸಿಲು ಅಂಬಲಿಯ ಹಾಗೆ ತೆಳ್ಳಗಾಗಿತ್ತು. ಗ್ರಹಣದ ನಂಬಿಕೆಗಳ ಬಗ್ಗೆ ನನಗೆ ತಕರಾರುಗಳಿವೆ. ಆದರೆ ಬಸ್ಸು ಖಾಲಿ ಮಾಡಿಸುವ ಅದರ ಶಕ್ತಿಯನ್ನು ಅಲ್ಲಗಳೆಯಲಾರೆ. ಚಹ ಇಲ್ಲದ ಬೆಳಗು ಮಾತ್ರ ಅನ್ಯಾಯ.

ಕುಂದಗೋಳದಲ್ಲಿ ಮುಂದಿನ ಬಸ್ಸಿಗೆ ಕಾಯುವ ಹೊತ್ತಿನಲ್ಲಿ ನಾಡಗೀರ ವಾಡೆಯ ಮುಂದೆ ನಿಂತು ಬಂದೆ. ಸವಾಯಿ ಗಂಧರ್ವರು ಇಲ್ಲಿ ಗಂಗೂಬಾಯಿ ಹಾನಗಲ್ಲರಿಗೂ ಭೀಮಸೇನ ಜೋಶಿಯವರಿಗೂ ಪಾಠ ಹೇಳಿದರು. ಸ್ವಾತಂತ್ರ್ಯಕ್ಕೆ ಮೊದಲು ಜಮಖಂಡಿ ಸಂಸ್ಥಾನಕ್ಕೆ ಸೇರಿದ್ದ ಈ ಊರಿನ ಬಗ್ಗೆ ಬರೆಯುವವರೆಲ್ಲ ಇಲ್ಲೇ ನಿಂತುಬಿಡುತ್ತಾರೆ. ನಾನು ನಿಲ್ಲುವುದಿಲ್ಲ.

ಯರಗುಪ್ಪಿಗೆ ಹೋಗುವ ದಾರಿಯ ಎರಡೂ ಬದಿ ಕಪ್ಪು ಯರಿ ಹೊಲ. ಹಿಂಗಾರಿ ಜೋಳ, ಕಡಲೆ, ಕೆಂಪಗಾದ ಮೆಣಸಿನಗಿಡ, ಅರೆಬರೆ ಬಿಡಿಸಿದ ಹತ್ತಿ. ಊರ ಕಟ್ಟೆಯ ಮೇಲೆ ಕೂತಿದ್ದ ನಾಲ್ಕೈದು ಜನ ನನ್ನನ್ನು ಅಡಿಯಿಂದ ಮುಡಿವರೆಗೆ ನೋಡಿದರು.

“ಯಾರ ಮನಿಗೆ ಬಂದೀರಿ?”

“ಯಾರ ಮನಿಗೂ ಅಲ್ರಿ. ಸುಮ್ನ ಊರು ನೋಡಾಕ.”

“ಸುಮ್ನ ನೋಡಾಕ ಏನೈತ್ರಿ ಇಲ್ಲಿ? ಇಲೆಕ್ಷನ್ ಮುಗದು ಏಳು ತಿಂಗಳಾತು!”

ಎಲ್ಲರೂ ನಕ್ಕರು. ಪ್ಯಾಂಟು ಹಾಕಿದವನು ಊರಿಗೆ ಬಂದನೆಂದರೆ ಚುನಾವಣೆ ಇರಬೇಕು ಎಂಬ ಲೆಕ್ಕ ಅವರದು. ಮಾರ್ಚಿನಲ್ಲಿ ಅಂತ್ಯಕ್ರಿಯೆಗೆ ಬಂದ ಜನ, ಸರ್ಕಾರಿ ಗೌರವ. ಮೇ ತಿಂಗಳಲ್ಲಿ ಮತ ಕೇಳಲು ಬಂದ ಜನ. ಅತ್ತ ಡಿ.ಕೆ. ಶಿವಕುಮಾರ್ ಉಸ್ತುವಾರಿ, ಇತ್ತ ಯಡಿಯೂರಪ್ಪ ಮತ್ತವರ ಸಂಗಡಿಗರು. ಕಣದಲ್ಲಿ ಶಿವಳ್ಳಿಯವರ ಪತ್ನಿ ಕುಸುಮಾ, ಎದುರಿಗೆ 634 ಮತದಲ್ಲಿ ಸೋತಿದ್ದ ಎಸ್.ಐ. ಚಿಕ್ಕನಗೌಡರ. ಏಪ್ರಿಲ್ 23ಕ್ಕೆ ಲೋಕಸಭೆಗೆ ಒಮ್ಮೆ, ಮೇ 19ಕ್ಕೆ ವಿಧಾನಸಭೆಗೆ ಒಮ್ಮೆ, ತಿಂಗಳೊಳಗೆ ಎರಡು ಸಲ ಬೆರಳಿಗೆ ಶಾಯಿ. ಕುಸುಮಾ ಅವರಿಗೆ 77,640, ಚಿಕ್ಕನಗೌಡರಿಗೆ 76,039. ಅದೇ ದಿನ, ಮೇ 23ಕ್ಕೆ, ಎಣಿಸಿದ ಧಾರವಾಡ ಲೋಕಸಭೆ ಕ್ಷೇತ್ರದಲ್ಲಿ ಪ್ರಲ್ಹಾದ ಜೋಶಿಯವರ ಗೆಲುವಿನ ಅಂತರ ಎರಡು ಲಕ್ಷ ದಾಟಿತ್ತು.

“ಅದು ಮೋದಿ ಓಟು, ಇದು ಶಿವಳ್ಳಿ ಓಟು,” ಎಂದ ಕಟ್ಟೆಯ ಮೇಲಿನ ಹುಡುಗನೊಬ್ಬ, ಎರಡು ಬೇರೆ ಬೇರೆ ಜೇಬಿನ ರೊಕ್ಕ ತೋರಿಸುವವನ ಠೀವಿಯಲ್ಲಿ. ಟಿವಿಯ ಚರ್ಚೆಗಳಲ್ಲಿ ಪಂಡಿತರು ಗಂಟೆಗಟ್ಟಲೆ ಒದರಿದ್ದು ಇಷ್ಟನ್ನೇ. ಆ ಗೆಲುವಿಗೆ ಸರಿಯಾಗಿ ಎರಡು ತಿಂಗಳಾದ ದಿನ, ಜುಲೈ 23ರಂದು, 99–105ರಲ್ಲಿ ಸರ್ಕಾರವೇ ಬಿತ್ತು. ಮಂತ್ರಿಗಿರಿ ಮೂರು ತಿಂಗಳು, ಆಳುವ ಪಕ್ಷದ ಶಾಸಕರ ಊರು ಎಂಬ ಹೆಮ್ಮೆ ಎರಡು ತಿಂಗಳು. ಯರಗುಪ್ಪಿಯ ಪಾಲಿಗೆ ವಿಧಾನಸೌಧ ಬಂದದ್ದೂ ಹೋದದ್ದೂ ಹೀಗೆ.

ಕಟ್ಟೆಯಲ್ಲಿದ್ದ ಒಬ್ಬ ಅಜ್ಜ ನನ್ನ ಕೈಯಲ್ಲಿದ್ದ ಪೇಪರಿಗೆ ಕೈ ಚಾಚಿದರು. ಕನ್ನಡಕ ಏರಿಸಿ ಹಿನ್ನೋಟದ ಪುಟವನ್ನು ಮೇಲಿನಿಂದ ಕೆಳಗೆ ಓದಿದರು. ಅಷ್ಟರಲ್ಲಿ ಗ್ರಹಣ ಬಿಟ್ಟಿತ್ತು; ಮನೆಮನೆಯ ಮುಂದೆ ನೀರು ಸುರಿದು ತೊಳೆಯುವ ಸದ್ದು. ಅಂದು ಎಳ್ಳ ಅಮಾವಾಸ್ಯೆ. ಗ್ರಹಣದ ಗೊಡವೆ ಬೇಡವೆಂದು ಕೆಲವರು ಹಿಂದಿನ ದಿನವೇ ಚರಗ ಚೆಲ್ಲಿ ಮುಗಿಸಿದ್ದರು. ಅಜ್ಜನ ಮನೆಯಲ್ಲಿ, ಗ್ರಹಣ ಬಿಟ್ಟ ಮೇಲೆ ಮೈತೊಳೆದು ಅಡುಗೆ ಮಾಡಿ ಹೊಲಕ್ಕೆ ಹೋಗುವುದೆಂದು ತೀರ್ಮಾನವಾಗಿತ್ತಂತೆ.

“ಉಂಡೀರೇನ್ರಿ?”

ಚಹವನ್ನೂ ಕುಡಿದಿಲ್ಲ ಎಂದೆ. “ಹಂಗಾದ್ರ ಹೊಲಕ್ಕ ನಡೀರಿ,” ಎಂದರು. ಹೆಸರು, ಕುಲ, ಕೆಲಸ ಯಾವುದನ್ನೂ ಕೇಳಲಿಲ್ಲ. ಬೆಂಗಳೂರಿನಲ್ಲಿ ಒಂದು ಲೋಟ ನೀರಿಗೆ ಮುಂಚೆ ಇವೆಲ್ಲವನ್ನೂ ಒಪ್ಪಿಸಬೇಕಾಗುತ್ತದೆ.

ಮಧ್ಯಾಹ್ನ ಎರಡರ ಮೇಲೆ ಟ್ರ್ಯಾಕ್ಟರಿನ ಟ್ರೇಲರಿನಲ್ಲಿ ಬುತ್ತಿಗಂಟು, ಹೆಂಗಸರು, ಮಕ್ಕಳ ನಡುವೆ ನಾನೂ. ಹೊಲದಲ್ಲಿ ಬನ್ನಿಗಿಡದ ಬುಡದಲ್ಲಿ ಐದು ಕಲ್ಲಿಟ್ಟು, ಸುಣ್ಣ ಕುಂಕುಮ ಹಚ್ಚಿ, ಮೊದಲ ತುತ್ತು ಭೂಮಿಗೆ. ಅಜ್ಜನ ಮಗ ಮುಂದೆ ಚರಗ ಚೆಲ್ಲುತ್ತ, ಮೊಮ್ಮಗ ಹಿಂದೆ ತಂಬಿಗೆಯಿಂದ ನೀರು ಚಿಮುಕಿಸುತ್ತ ಹೊಲ ಸುತ್ತಿ ಬಂದರು. ಆಮೇಲೆ ಊಟ. ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಕಟಕಟ ಎನ್ನುವ ಜೋಳದ ರೊಟ್ಟಿ, ಎಣ್ಣೆಗಾಯಿ, ಪುಂಡಿಪಲ್ಯ, ಮಡಕಿಕಾಳು, ಗುರೆಳ್ಳು ಚಟ್ನಿ, ಅಗಸಿ ಹಿಂಡಿ, ಕೆನೆಮೊಸರು, ಶೇಂಗಾ ಹೋಳಿಗೆ. ಹಸಿ ಮೆಣಸಿನಕಾಯಿ ಬೇಕಾದರೆ ಕೈಚಾಚಿ ಗಿಡದಿಂದಲೇ ಕಿತ್ತುಕೊಳ್ಳಬಹುದಿತ್ತು. ತಟ್ಟೆಯ ಅಂಚಿನಲ್ಲಿ ಇರಲೇಬೇಕಾದ ಒಂದು ಮಾತ್ರ ಇರಲಿಲ್ಲ. ಉಳ್ಳಾಗಡ್ಡಿ.

“ಬೆಳದವರ ಮನ್ಯಾಗ ಉಳ್ಳಾಗಡ್ಡಿ ಇಲ್ಲ ನೋಡ್ರಿ,” ಎಂದರು ಸೊಸೆ, ನಾಚಿಕೆಗಿಂತ ಹೆಚ್ಚು ಸಿಟ್ಟಿನಲ್ಲಿ. ಆಗಸ್ಟಿನ ಮಳೆಯಲ್ಲಿ ಅರ್ಧ ಕೊಳೆತು, ಅಕ್ಟೋಬರಿನ ಮಳೆಯಲ್ಲಿ ಉಳಿದರ್ಧ ಹೋಯಿತು. ಆಮೇಲೆ ಪೇಟೆಯಲ್ಲಿ ಕೆಜಿಗೆ ನೂರು ದಾಟಿತು. ಸೆಪ್ಟೆಂಬರ್ ಕೊನೆಗೆ ಕೇಂದ್ರ ರಫ್ತು ನಿಲ್ಲಿಸಿತ್ತು. ಕೊನೆಗೆ ತುರ್ಕಿ, ಈಜಿಪ್ಟಿನಿಂದ ಈರುಳ್ಳಿ ತರಿಸಿದರು. ಬೆಲೆ ಬಿದ್ದಾಗ ಬೆಳೆದವನಿಗೆ ಯಾರೂ ಹಡಗು ಕಳಿಸಿದ್ದನ್ನು ನಾನು ಕೇಳಿಲ್ಲ. ಬ್ಯಾಡಗಿಯಲ್ಲಿ ಮೆಣಸಿನಕಾಯಿಗೂ ಒಳ್ಳೆಯ ದರವಿತ್ತು, ಗಿಡದಲ್ಲಿ ಕಾಯಿ ಉಳಿದವರಿಗೆ.

ಹೆಸರುಕಾಯಿ ಬಿಡಿಸುವ ಹೊತ್ತಿಗೇ ಆಗಸ್ಟಿನ ಆ ಮಳೆ ಹಿಡಿದದ್ದು. ಎಂಟು ದಿನ ಬಿಡಲಿಲ್ಲ. ಶಿಗ್ಗಾವಿ ಸೀಮೆಯಲ್ಲಿ ಹುಟ್ಟಿ ಕುಂದಗೋಳ, ಹುಬ್ಬಳ್ಳಿ, ನವಲಗುಂದ ಹಾದು ಮಲಪ್ರಭೆಗೆ ಬೀಳುವ ಬೆಣ್ಣಿಹಳ್ಳ, ಬೇಸಿಗೆಯಲ್ಲಿ ದಾಟಿದರೆ ಕಾಲುಂಗುರವೂ ತೋಯದ ಹಳ್ಳ, ಹೊಲಗಳ ಮೇಲೆ ಹಾಸಿತು. ಮಹದಾಯಿ ನೀರಿಗಾಗಿ ವರ್ಷಗಟ್ಟಲೆ ಹೋರಾಡುವ ಸೀಮೆ ಇದು. 2018ರ ಆಗಸ್ಟಿನಲ್ಲಿ ನ್ಯಾಯಮಂಡಳಿ ಕರ್ನಾಟಕಕ್ಕೆ 13.42 ಟಿಎಂಸಿ ಎಂದು ತೀರ್ಪು ಕೊಟ್ಟರೂ ಅಧಿಸೂಚನೆ ಆಗಿನ್ನೂ ಹೊರಟಿರಲಿಲ್ಲ. ನೀರು ಬೇಕೆಂದು ರೈತರು ಬೆಂಗಳೂರಿಗೆ ಹೋಗಿ ಕೂತದ್ದೂ, ನೀರು ಮನೆ ಕೆಡವಿದ್ದೂ ಒಂದೇ ವರ್ಷ.

ಅಜ್ಜನದು ಮಣ್ಣಿನ ಮಾಳಿಗೆ ಮನೆ. ಹಿತ್ತಲ ಕಡೆಯ ಗೋಡೆ ರಾತ್ರಿ ಕುಸಿಯಿತು, ದನಗಳು ಬಚಾವಾದವು. ಆಗ ರಾಜ್ಯದಲ್ಲಿ ಮುಖ್ಯಮಂತ್ರಿ ಒಬ್ಬರೇ. ಜುಲೈ 26ರಿಂದ ಆಗಸ್ಟ್ 20ರವರೆಗೆ ಮಂತ್ರಿ ಎಂಬವರೇ ಇರಲಿಲ್ಲ. ಯಡಿಯೂರಪ್ಪ ಊರೂರು ಸುತ್ತಿದರು ನಿಜ. ತುರ್ತಿಗೆ ಹತ್ತು ಸಾವಿರ, ಪೂರ್ತಿ ಬಿದ್ದ ಮನೆಗೆ ಐದು ಲಕ್ಷ ಎಂದು ಘೋಷಿಸಿದರು. ಹತ್ತು ಸಾವಿರ ಬಂತೆಂದು ಮಗ ಒಪ್ಪಿಕೊಂಡ. “ಐದು ಲಕ್ಷಕ್ಕ ನಾಕೂ ಗ್ವಾಡಿ ಬೀಳಬೇಕಿತ್ತಂತ್ರಿ. ನಮ್ದು ಒಂದ ಬಿತ್ತು. ಅದಕ್ಕ ‘ಸಿ’ ಅಂತ ಬರಕೊಂಡು ಹೋದ್ರು.”

ನಾನು ಕೇಳಬೇಕೆಂದು ಬಂದದ್ದು ಇದನ್ನೇ, ಟಿಪ್ಪಣಿಪುಸ್ತಕ ತೆಗೆದೆ. ಆದರೆ ಅಜ್ಜನಿಗೆ ಗೋಡೆಯ ಮಾತು ಬೇಕಿರಲಿಲ್ಲ. ಕೈತೊಳೆದು ನನ್ನ ಪಕ್ಕ ಕೂತು, ಪೇಪರಿನ ಆ ಪುಟವನ್ನು ಬಿಚ್ಚಿ, ಒಂದು ಫೋಟೊದ ಮೇಲೆ ಬೆರಳಿಟ್ಟರು. ಚಂದ್ರಯಾನ.

“ಎರಡ ಕಿಲೋಮೀಟರ್ ಉಳದಿತ್ರಿ. ನಾ ನಿದ್ದಿಗೆಟ್ಟು ನೋಡಿದೆ. ಮಧ್ಯರಾತ್ರಿ ಒಂದೂವರಿ, ಎರಡು. ಬಿದ್ದ ಗ್ವಾಡಿಗೆ ತಾಡಪತ್ರಿ ಕಟ್ಟೀವಿ, ಒಳಗ ಟಿವಿ ಹಚ್ಚೀವಿ. ಅದು ಇಳದ್ದಿದ್ರ...” ಎಂದು ನಿಲ್ಲಿಸಿ, “ಯಾಕ ಬಿತ್ತಂತ್ರಿ? ನಿಮ್ಮ ಪೇಪರನ್ಯಾಗ ಬರದಿಲ್ಲಲ್ಲ,” ಎಂದರು.

ಸೆಪ್ಟೆಂಬರ್ 7ರ ಬೆಳಗಿನ ಜಾವ ಚಂದ್ರನ ನೆಲದಿಂದ 2.1 ಕಿಲೋಮೀಟರ್ ಎತ್ತರದವರೆಗೆ ವಿಕ್ರಮ್ ಲ್ಯಾಂಡರ್ ಅಂದುಕೊಂಡಂತೆ ಇಳಿದಿತ್ತು, ಆಮೇಲೆ ಸಂಪರ್ಕ ಕಡಿಯಿತು, ವೇಗ ತಗ್ಗಿಸುವುದರಲ್ಲಿ ಎಡವಟ್ಟಾಯಿತಂತೆ ಎಂದು ನನಗೆ ತಿಳಿದಷ್ಟು ಹೇಳಿದೆ. ಅವರಿಗೆ ಸಮಾಧಾನವಾಗಲಿಲ್ಲ. ಎಂಜಿನ್ ಎಷ್ಟು, ಮಣ್ಣು ಎಂಥದು, ಮತ್ತೆ ಯಾವಾಗ ಬಿಡುತ್ತಾರೆ ಎಂದು ಅರ್ಧ ತಾಸು ನನ್ನನ್ನು ಹಿಂಡಿದರು. ಪಟ್ಟಣದ ನಾವು ಹಳ್ಳಿಯವರ ಬಾಯಲ್ಲಿ ಹಳ್ಳಿಯ ದುಃಖವನ್ನಷ್ಟೇ ಕೇಳಲು ಇಷ್ಟಪಡುತ್ತೇವೆ. ಚಂದ್ರನ ಬಗ್ಗೆ ಚಿಂತಿಸುವ ಹಕ್ಕು ಡಾಂಬರು ರಸ್ತೆಯವರಿಗೆ ಮಾತ್ರ ಇದ್ದಂತೆ. 370ರ ಬಗ್ಗೆ ಅಪ್ಪ ಮಗನಿಗೆ ಜಗಳವಾಯಿತು. ಮಗ ಪರ, ಅಜ್ಜ, “ಅವರ ಫೋನ್ ಯಾಕ ಬಂದ್ ಮಾಡೀರಪಾ?” ಎಂಬಲ್ಲಿಂದ ಕದಲಲಿಲ್ಲ. ಮಹಾರಾಷ್ಟ್ರದಲ್ಲಿ ಬೆಳಕು ಹರಿಯುತ್ತಲೇ ಮುಗಿದುಹೋದ ಪ್ರಮಾಣವಚನವನ್ನು ನೆನೆದು ಇಬ್ಬರೂ ಒಟ್ಟಿಗೆ ನಕ್ಕರು.

ಪಕ್ಕದ ಹೊಲದ ಮುಸ್ಲಿಂ ಮನೆಯ ಅಜ್ಜಿಯೊಬ್ಬರು ಹೋಳಿಗೆ ಇಸಿದುಕೊಳ್ಳಲು ಬಂದರು. ಎಲ್ಲರಿಗೂ ಚಾಚಿ. ನಾನು ಪೇಪರಿನವನೆಂದು ಯಾರೋ ಹೇಳಿರಬೇಕು. ಹೋಳಿಗೆ ಸೆರಗಿಗೆ ಕಟ್ಟಿಕೊಂಡು ಕೇಳಿದರು: “ಮಳ್ಯಾಗ ತೊಯ್ದ ಕಾಗದ ನಡೀತಾವೇನ್ರಿ ಸಾಹೇಬ್ರ?” ಹಳೆಯ ಉತಾರ, ರೇಷನ್ ಕಾರ್ಡು ಎಲ್ಲ ಪೆಟ್ಟಿಗೆಯಲ್ಲಿ ನೆನೆದು ಒಂದಕ್ಕೊಂದು ಅಂಟಿಕೊಂಡಿದ್ದವಂತೆ. ಇದಕ್ಕೆ ಒಂದು ವಾರ ಮೊದಲು ಮಂಗಳೂರಿನಲ್ಲಿ ಪೌರತ್ವ ಕಾಯ್ದೆ ವಿರುದ್ಧದ ಪ್ರತಿಭಟನೆಯ ವೇಳೆ ಪೊಲೀಸ್ ಗೋಲಿಬಾರಿಗೆ ಇಬ್ಬರು ಸತ್ತಿದ್ದರು. ಪೌರತ್ವ ನೋಂದಣಿಯನ್ನು ದೇಶದ ತುಂಬ ಮಾಡುತ್ತೇವೆ ಎಂದು ಗೃಹ ಸಚಿವರು ನವೆಂಬರಿನಲ್ಲಿ ಸಂಸತ್ತಿನಲ್ಲಿ ಹೇಳಿದ್ದರು. ಅದರ ಚರ್ಚೆಯೇ ಆಗಿಲ್ಲ ಎಂದು ಪ್ರಧಾನಿ ನಾಲ್ಕು ದಿನದ ಹಿಂದೆ ರಾಮಲೀಲಾ ಮೈದಾನದಲ್ಲಿ ಹೇಳಿದ್ದರು. ಇಬ್ಬರಲ್ಲಿ ಯಾರ ಮಾತನ್ನು ಈ ಮುದುಕಿಗೆ ತಲುಪಿಸಬೇಕು? ಬಿಸಿಲಿಗೆ ಒಣಗಿಸಿ, ಫೋಟೊ ತೆಗೆಸಿ ಇಟ್ಟುಕೊಳ್ಳಿ ಎಂದೆ.

“ನಿನ್ನ ಯಾರು ಕೇಳ್ತಾರ ಚಾಚಿ, ನಾವಿಲ್ಲೇನು?” ಎಂದ ಮಗ. 370ರ ಪರವಾಗಿ ಈಗಷ್ಟೇ ಗಂಟಲು ಹರಿದುಕೊಂಡವನು. ಷರೀಫಜ್ಜನ ಗುರು ಗೋವಿಂದಭಟ್ಟರ ಕಳಸ ಇದೇ ತಾಲ್ಲೂಕಿನಲ್ಲಿದೆ. ಹಾಗೆಂದು ಕಾಗದದ ಭಯ ಹೋಗುತ್ತದೆಯೇ? ಚಾಚಿ ಅವನ ಮಾತಿಗೆ ತಲೆಯಾಡಿಸಿದರು, ಆದರೆ ಮತ್ತೆ ನನ್ನತ್ತ ತಿರುಗಿ, ಫೋಟೊ ಎಲ್ಲಿ ತೆಗೆಯುತ್ತಾರೆ, ಎಷ್ಟು ತಗೊಳ್ತಾರೆ ಎಂದು ಕೇಳಿದರು. ಸೊಸೆ ತನ್ನ ಮೊಬೈಲಿನಲ್ಲೇ ತೆಗೆದುಕೊಡುವುದಾಗಿ ಹೇಳಿದಳು. ಸಂಜೆ ಅವರ ಮನೆಗೆ ಹೋಗುವುದೆಂದು ನಿಕ್ಕಿಯಾಯಿತು.

ಮರಳಿ ಹುಬ್ಬಳ್ಳಿಗೆ ಹೋಗುವ ಬಸ್ಸು ಎಂದಿನಂತೆ ಗಿಜಿಗಿಜಿ, ಒಂದು ಕಾಲೂರುವ ಜಾಗವೂ ಇಲ್ಲ. ಕಳಿಸಲು ಬಂದಿದ್ದ ಮಗ ಬಾಗಿಲಲ್ಲಿ ನನ್ನನ್ನು ಒಳಗೆ ದಬ್ಬುತ್ತ, ಬರುವ ವರ್ಷ ಗ್ರಾಮ ಪಂಚಾಯಿತಿ ಚುನಾವಣೆ ಇದೆ, ತಮ್ಮ ವಾರ್ಡಿನ ಮೀಸಲಾತಿ ಹೇಗೆ ಬರುತ್ತದೋ ನೋಡಿ ತಾನೇ ನಿಲ್ಲುವ ವಿಚಾರವಿದೆ ಎಂದ.

“ಲೇಡೀಸ್‌ಗೆ ಬಂದ್ರ?”

“ಬಂದ್ರ ಅಕೀನ ನಿಲ್ಲಸ್ತೀನ್ರಿ. ನನಗಿಂತ ಅಕಿಗೇ ಜಾಸ್ತಿ ಓಟ ಬೀಳ್ತಾವು,” ಎಂದು ಕೂಗಿದ, ಬಸ್ಸು ಆಗಲೇ ಹೊರಟಿತ್ತು.