ಅಡಿಪಾಯ

ಗೃಹಪ್ರವೇಶಕ್ಕೆ ಬಂದ ನಂಟರಿಷ್ಟರು ಬಾಗಿಲಿನ ಕೆತ್ತನೆಯನ್ನು ಮೆಚ್ಚುತ್ತಾರೆ. ನೆಲದ ನುಣುಪನ್ನು, ಗೋಡೆಯ ಬಣ್ಣವನ್ನು ಹೊಗಳುತ್ತಾರೆ. ಅಡಿಪಾಯ ಹೇಗಿದೆಯೆಂದು ಕೇಳುವವರು ವಿರಳ. ಬಾಗಿಲು ಹಳತಾದರೆ ಹೊಸದನ್ನು ಕೂಡಿಸಬಹುದು. ಹೆಂಚು ಒಡೆದರೆ ಬೇರೆ ಹೆಂಚು ಹೊದಿಸಬಹುದು. ಆದರೆ ಮಣ್ಣಿನಲ್ಲಿ ಮುಚ್ಚಿಹೋದ ಅಡಿಪಾಯವನ್ನು ತಿದ್ದುವುದು ಬಲು ಕಷ್ಟ, ಬಲು ದುಬಾರಿ. “ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು” ಎಂಬ ಗಾದೆ ಹುಟ್ಟಿದ ನಾಡಿನಲ್ಲಿ ಸಾಮಾನ್ಯ ಸಂಸಾರವೊಂದು ಬಾಳಿನಲ್ಲಿ ಒಮ್ಮೆ ಮಾತ್ರ ಮನೆ ಕಟ್ಟುತ್ತದೆ. ಆ ಸಂಸಾರದ ಗಳಿಕೆಯೆಲ್ಲ ನಿಂತಿರುವುದು ಕಣ್ಣಿಗೆ ಕಾಣದ ಈ ಭಾಗದ ಮೇಲೆ.

ಅಡಿಪಾಯದ ಕೆಲಸ ಸರಳವಾದುದು. ಮನೆಯ ಭಾರವನ್ನು ಮಣ್ಣು ತಾಳಿಕೊಳ್ಳುವಷ್ಟು ಅಗಲಕ್ಕೆ ಹಂಚುವುದೇ ಆ ಕೆಲಸ. ಕೆಸರುಗದ್ದೆಯಲ್ಲಿ ನಡೆಯುವವನ ಕಾಲು ಹೂತುಹೋಗುತ್ತದೆ. ಅದೇ ಕೆಸರಿನ ಮೇಲೆ ಹಲಗೆ ಹಾಸಿದರೆ ಅವನು ಸುಲಭವಾಗಿ ದಾಟುತ್ತಾನೆ. ಅವನ ತೂಕ ಕಡಿಮೆಯಾಗಲಿಲ್ಲ. ಅದನ್ನು ಹೊರುವ ನೆಲ ಹೆಚ್ಚಾಯಿತು. ಗೋಡೆಯೊಂದರ ಪ್ರತಿ ಮೀಟರ್ ಉದ್ದವೂ ಅಡಿಪಾಯದ ತೂಕ ಸೇರಿ 6 ಟನ್ ಭಾರವನ್ನು ಕೆಳಗಿಳಿಸುತ್ತದೆಯೆಂದು ಭಾವಿಸಬಹುದು. ಅಲ್ಲಿನ ಮಣ್ಣು ಚದರ ಮೀಟರಿಗೆ 10 ಟನ್ ಭಾರವನ್ನು ನಿರಪಾಯವಾಗಿ ಹೊರಬಲ್ಲುದಾದರೆ ಅಡಿಪಾಯದ ತಳ 60 ಸೆಂಟಿಮೀಟರ್ ಅಗಲವಿದ್ದರೆ ಸಾಕು. ಮಣ್ಣಿನ ಶಕ್ತಿ 5 ಟನ್ ಮಾತ್ರವೇ ಆದರೆ ತಳ 1.2 ಮೀಟರ್ ಅಗಲವಾಗಲೇಬೇಕು. ಮನೆ ಅದೇ, ನೆಲ ಬೇರೆಯಾದುದರಿಂದ ಅಡಿಪಾಯವೂ ಬೇರೆ.

ಕರ್ನಾಟಕದ ಮಣ್ಣು ಎಲ್ಲೆಡೆಯೂ ಒಂದೇ ಬಗೆಯದಲ್ಲ. ಕರಾವಳಿಯ ಹಲವೆಡೆ ಜಂಬಿಟ್ಟಿಗೆಯ ನೆಲವಿದೆ. ದಕ್ಷಿಣದ ಬಯಲಿನಲ್ಲಿ ಕೆಮ್ಮಣ್ಣು ಹೆಚ್ಚು. ವಿಜಯಪುರ, ಗದಗ, ಧಾರವಾಡ, ಕಲಬುರಗಿಗಳ ಕಡೆ ಎರೆಭೂಮಿ ಹರಡಿದೆ. ಜೋಳ, ಹತ್ತಿಗಳನ್ನು ತಾಯಿಯಂತೆ ಸಾಕುವ ಈ ಕಪ್ಪುಮಣ್ಣು ಮನೆ ಕಟ್ಟುವವರನ್ನು ಮಾತ್ರ ಕಾಡುತ್ತದೆ. ಅದರಲ್ಲಿರುವ ಮಾಂಟ್‌ಮೊರಿಲ್ಲೊನೈಟ್ ಎಂಬ ಜೇಡಿಖನಿಜದ ಪದರಗಳ ನಡುವೆ ಮಳೆಯ ನೀರು ಸೇರಿದಾಗ ಮಣ್ಣು ಉಬ್ಬುತ್ತದೆ. ಬೇಸಗೆಯಲ್ಲಿ ನೀರು ಆರಿದಾಗ ಕುಗ್ಗಿ ಬಿರಿಯುತ್ತದೆ. ಇಂಥ ನೆಲದಲ್ಲಿ ಆಳವಿಲ್ಲದ ಅಡಿಪಾಯದ ಮನೆ ವರ್ಷ ವರ್ಷವೂ ಏರಿ ಇಳಿಯುತ್ತದೆ. ಗೋಡೆಗಳು ಸೀಳುತ್ತವೆ, ಬಾಗಿಲುಗಳು ಚೌಕಟ್ಟಿನಲ್ಲಿ ಸಿಕ್ಕಿಕೊಳ್ಳುತ್ತವೆ. ಬಿರುಕಿಗೆ ಗಾರೆ ಮೆತ್ತಿ ಸುಣ್ಣ ಬಳಿದರೂ ಅದು ಮರಳಿ ಬರುತ್ತದೆ. ಏಕೆಂದರೆ ರೋಗವಿರುವುದು ಗೋಡೆಯಲ್ಲಲ್ಲ, ನೆಲದಲ್ಲಿ.

ಈ ರೋಗಕ್ಕೆ ಮದ್ದಿಲ್ಲದೆ ಇಲ್ಲ. ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆಯು ಎರೆಭೂಮಿಗೆ ಒಪ್ಪುವ ಕಂಬದ ಅಡಿಪಾಯವನ್ನು ಬಳಕೆಗೆ ತಂದಿತು. ನೆಲದಲ್ಲಿ ಸುಮಾರು ಮೂರೂವರೆ ಮೀಟರ್ ಆಳದ ಕುಳಿ ಕೊರೆದು, ಅದರ ಬುಡವನ್ನು ಎರಡೂವರೆ ಪಟ್ಟು ಅಗಲಗೊಳಿಸಿ, ಕಬ್ಬಿಣದ ಸರಳು ಇಳಿಸಿ ಕಾಂಕ್ರೀಟು ತುಂಬುತ್ತಾರೆ. ಅಷ್ಟು ಆಳದಲ್ಲಿ ಮಣ್ಣಿನ ತೇವ ಋತುವಿಗೆ ತಕ್ಕಂತೆ ಹೆಚ್ಚು ಬದಲಾಗುವುದಿಲ್ಲ. ಮೇಲಿನ ಮಣ್ಣು ಉಬ್ಬಿ ಕಂಬವನ್ನು ಎತ್ತಲು ಹವಣಿಸಿದರೂ ಅಗಲವಾದ ಬುಡ ಅದನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಕಂಬಗಳ ತಲೆಯ ಮೇಲೆ ಕಾಂಕ್ರೀಟಿನ ತೊಲೆ ಹಾಯಿಸಿ, ತೊಲೆಯ ಕೆಳಗೆ ತುಸು ತೆರವು ಬಿಟ್ಟು, ಅದರ ಮೇಲೆ ಗೋಡೆ ಕಟ್ಟುತ್ತಾರೆ.

ಆದರೆ ಮದ್ದಿಗೆ ಮೊದಲು ಪರೀಕ್ಷೆ ನಡೆಯಬೇಕು. ಈ ತಿಳಿವಳಿಕೆ ಹೊಸದಲ್ಲ. 6ನೆಯ ಶತಮಾನದ ವರಾಹಮಿಹಿರನ ‘ಬೃಹತ್ಸಂಹಿತೆ’ಯಲ್ಲಿ, ಒಂದು ಮೊಳದ ಗುಂಡಿ ತೋಡಿ ಅದೇ ಮಣ್ಣನ್ನು ಮತ್ತೆ ತುಂಬಿ ನೋಡುವ ಕ್ರಮವಿದೆ. ಮಣ್ಣು ಮಿಕ್ಕರೆ ನೆಲ ಉತ್ತಮ, ಸರಿಹೋದರೆ ಮಧ್ಯಮ, ಸಾಲದಿದ್ದರೆ ಅಧಮ. ಇಂದಿನ ಎಂಜಿನಿಯರರು ಅಡಿಪಾಯದ ತಳಕ್ಕಿಂತಲೂ ಆಳವಾಗಿ ಗುಂಡಿ ತೆಗೆಸಿ, ಪದರ ಪದರವಾಗಿ ಮಣ್ಣನ್ನು ನೋಡುತ್ತಾರೆ. ಮಾದರಿಯನ್ನು ಪ್ರಯೋಗಶಾಲೆಗೆ ಕಳುಹಿಸುತ್ತಾರೆ. ಗುಂಡಿಯಲ್ಲಿ ಒಡೆದ ಇಟ್ಟಿಗೆ, ಕಸಕಡ್ಡಿ ಕಂಡರೆ ಅದು ಹೊರಗಿನಿಂದ ತಂದು ಸುರಿದ ಮಣ್ಣು. ಅದರ ಮೇಲೆ ಭಾರ ಹೊರಿಸುವುದು ತರವಲ್ಲ.

ಹಳೆಯ ಮನೆಗೆ ಒಂದು ಕೋಣೆ ಸೇರಿಸುವುದು ಹೊಸ ಮನೆ ಕಟ್ಟುವುದಕ್ಕಿಂತ ಸುಲಭವೆಂದು ಅನೇಕರ ಎಣಿಕೆ. ಮಗನ ಮದುವೆ ಗೊತ್ತಾದೊಡನೆ ಹಿತ್ತಿಲಿನ ಕಡೆ ಗೋಡೆ ಏಳತೊಡಗುತ್ತದೆ. ವಾಸ್ತವವಾಗಿ ಅಲ್ಲಿ ಎಚ್ಚರ ಇಮ್ಮಡಿಯಾಗಬೇಕು. ಹಳೆಯ ಮನೆ ಎಂದೋ ತನ್ನ ಭಾರಕ್ಕೆ ತಕ್ಕಷ್ಟು ಕುಸಿದು ನೆಲೆನಿಂತಿರುತ್ತದೆ. ಹೊಸ ಕೋಣೆಯ ಕುಸಿತ ಇನ್ನು ಮೊದಲಾಗಬೇಕು. ಇಡೀ ಕಟ್ಟಡ ಸಮನಾಗಿ ತುಸು ಕುಸಿದರೆ ಕೇಡಿಲ್ಲ. ಒಂದೆಡೆ ಹೆಚ್ಚು, ಇನ್ನೊಂದೆಡೆ ಕಡಿಮೆಯಾದರೆ ಕೇಡು. ಇದಕ್ಕೆ ಜಗತ್ತೇ ಬಲ್ಲ ನಿದರ್ಶನ ಇಟಲಿಯ ಪೀಸಾ ನಗರದ ಗೋಪುರ. 1173ರಲ್ಲಿ ಆರಂಭವಾದ ಆ ಗೋಪುರ ಮೆತ್ತನೆಯ ಮಣ್ಣಿನ ಮೇಲೆ ನಿಂತುದರಿಂದ ಕಟ್ಟುತ್ತಿರುವಾಗಲೇ ಒಂದು ಪಕ್ಕಕ್ಕೆ ವಾಲಿತು. 1990ರಲ್ಲಿ ಅದನ್ನು ಮುಚ್ಚಿ, ಎದುರು ಬದಿಯ ಅಡಿಯಿಂದ ಮಣ್ಣು ತೆಗೆದು, ವಾಲಿಕೆಯನ್ನು ಸುಮಾರು ಅರ್ಧ ಡಿಗ್ರಿಯಷ್ಟು ತಗ್ಗಿಸಿ 2001ರಲ್ಲಿ ಮತ್ತೆ ತೆರೆದರು. ಬಡವನ ಮನೆಗೆ ಅಂಥ ಚಿಕಿತ್ಸೆ ಎಲ್ಲಿಂದ ಬರಬೇಕು? ಆದುದರಿಂದ ಹಳೆಯ ಗೋಡೆಗೂ ಹೊಸ ಗೋಡೆಗೂ ನಡುವೆ ಮೊದಲೇ ಸಂದು ಬಿಟ್ಟು, ಎರಡೂ ತಮ್ಮಷ್ಟಕ್ಕೆ ಕುಸಿಯಲು ಆಸ್ಪದ ಕೊಡುವುದು ಜಾಣತನ.

ಇನ್ನೊಂದು ಮಾತನ್ನು ಮರೆಯಬಾರದು. ಹಳೆಯ ಗೋಡೆಯ ಮಗ್ಗುಲಲ್ಲಿ, ಅದರ ಅಡಿಪಾಯಕ್ಕಿಂತ ಕೆಳಕ್ಕೆ, ಉದ್ದಕ್ಕೂ ಒಮ್ಮೆಗೇ ಕಂದಕ ತೋಡಿದರೆ ಆ ಗೋಡೆಯ ಆಸರೆ ಕಳಚುತ್ತದೆ. ಮಣ್ಣು ಜಾರಿ ಗೋಡೆ ಉರುಳಿದರೆ ಅದರ ಅಡಿಗೆ ಸಿಕ್ಕುವವನು ಮನೆಯೊಡೆಯನಲ್ಲ; ಕಂದಕದಲ್ಲಿ ಗುದ್ದಲಿ ಹಿಡಿದ ಕೂಲಿಯವನು. ಒಂದು ಘನಮೀಟರ್ ಮಣ್ಣು ಒಂದೂವರೆ ಟನ್ನಿಗೂ ಹೆಚ್ಚು ತೂಗುತ್ತದೆ. ಅದರಡಿ ಸಿಕ್ಕವನಿಗೆ ಕೂಗಲೂ ಉಸಿರಿರುವುದಿಲ್ಲ. ಅಷ್ಟು ಆಳ ಬೇಕೇ ಬೇಕಾದರೆ ಬಲ್ಲವರ ಸಲಹೆಯಂತೆ ಚಿಕ್ಕ ಚಿಕ್ಕ ತುಂಡುಗಳಲ್ಲಿ ಅಗೆದು, ಒಂದನ್ನು ಕಟ್ಟಿ ಭದ್ರಪಡಿಸಿದ ಮೇಲೆ ಮತ್ತೊಂದಕ್ಕೆ ಕೈಹಾಕಬೇಕು. ಕಂದಕದ ಬದಿಗಳಿಗೆ ಹಲಗೆಯ ಆನಿಕೆ ಕೊಡಬೇಕು. ಇದಕ್ಕೆ ನಾಲ್ಕು ದಿನದ ಕೂಲಿ ಹೆಚ್ಚಾದೀತು. ಅದನ್ನು ಉಳಿಸುವ ಆಸೆಗೆ ಒಬ್ಬನ ಪ್ರಾಣ ಬೆಲೆಯಾಗಬಾರದು.

ಗುದ್ದಲಿಪೂಜೆಯ ದಿನ ಭೂಮಿಗೆ ಕೈಮುಗಿದು ಕೆಲಸ ಮೊದಲು ಮಾಡುವುದು ನಮ್ಮ ನಾಡಿನ ವಾಡಿಕೆ. ಅದಕ್ಕೂ ಮುನ್ನ ಒಂದು ಗುಂಡಿ ತೋಡಿ, ಆ ಭೂಮಿ ಎಂಥದೆಂದು ಬಾಗಿ ನೋಡುವುದೂ ಅದಕ್ಕೆ ಸಲ್ಲಿಸುವ ಗೌರವವೇ.